ತಲೆಕಟ್ಟು

ಫೋನು ಬಂದಾಗ ನಾನು ಎಡಗೈಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದೆ. ಒಂದು ವರ್ಷದಿಂದ ಅದು ಎಡಗೈಯದೇ ಕೆಲಸ. ಅಲ್ಲಲ್ಲಿ ಬಿಟ್ಟುಹೋದ ಕೂದಲು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ, ಆದರೆ ಮುದುಕರ ಗಡ್ಡವನ್ನು ಅಷ್ಟು ಹತ್ತಿರದಿಂದ ನೋಡುವವರು ಯಾರಿದ್ದಾರೆ. ಮಾತನಾಡಿದವರು ಊರಿನ ಒಬ್ಬ ಚಿತ್ರಕಲಾ ಶಿಕ್ಷಕಿ. ಬರುವ ಭಾನುವಾರ ಮೈದಾನದಲ್ಲಿ ಇಡೀ ದಿನ ಬಯಲು ಕಲಾ ಉತ್ಸವವಂತೆ. ತೊಗಲುಗೊಂಬೆಯವರು, ಮಣ್ಣಿನ ಕೆಲಸದವರು, ಚಿತ್ರ ಬರೆಯುವವರು ಎಲ್ಲ ಬರುತ್ತಾರಂತೆ. ಕೈಯಲ್ಲಿ ಬೋರ್ಡು ಬರೆಯುವವರು ಬಳ್ಳಾರಿಯಲ್ಲಿ ಯಾರಾದರೂ ಉಳಿದಿದ್ದಾರೆಯೇ ಎಂದು ಕೇಳಿದಾಗ ನಾಲ್ಕು ಜನ ನನ್ನ ಹೆಸರು ಹೇಳಿದರಂತೆ.

"ಜನರ ಮುಂದ ಒಂದ ಒಂದು ಬೋರ್ಡು ಬರದು ತೋರಿಸಿದ್ರ ಸಾಕ್ರಿ ಸರ್," ಅಂದರು.

"ಆಗ್ಲೇಳ್ರಿ," ಅಂದೆ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ನೀವೇನಂದ್ರಿ?" ಅಂತ ಕೇಳಿದಳು. "ಬರ್ತೀನಿ ಅಂದೆ," ಅಂದೆ. ಅವಳು ನನ್ನ ಮುಖ ನೋಡಲಿಲ್ಲ, ಬಲಗೈ ನೋಡಿದಳು. ಆಮೇಲೆ ಒಳಗೆ ಹೋಗಿ ಒಲೆಯ ಉರಿ ಸಣ್ಣಗೆ ಮಾಡಿದಳು.

ಆ ಕೈಯ ಕತೆ ಇಷ್ಟೇ. ಹಿಂದಿನ ವರ್ಷ ಕೊಳಗಲ್ಲಿನಲ್ಲಿ ಒಂದು ಹಾಲಿನ ಡೈರಿಯ ಗೋಡೆಗೆ ಬರೆಯುತ್ತಿದ್ದೆ. ಬ್ರಷ್ಷು ಕೆಳಗೆ ಬಿತ್ತು. ಬಿದ್ದದ್ದು ನನಗೆ ಸದ್ದಿನಿಂದ ಗೊತ್ತಾಯಿತು, ಕೈಯಿಂದಲ್ಲ. ಬೆರಳುಗಳು ಇನ್ನೂ ಬ್ರಷ್ಷು ಹಿಡಿದಂತೆಯೇ ಗಾಳಿಯಲ್ಲಿ ನಿಂತಿದ್ದವು. ಡಾಕ್ಟರು ಸಣ್ಣ ಲಕ್ವ ಅಂದರು, ಬಾಯಿ ಸೊಟ್ಟ ಆಗಲಿಲ್ಲ, ಕಾಲು ಎಳೆಯಲಿಲ್ಲ, ನಿಮ್ಮ ಅದೃಷ್ಟ ಅಂದರು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಮಾತ್ರ ಜೋಮು ಹಿಡಿದು ಹಾಗೇ ಉಳಿದವು. ಮೊದಮೊದಲು ಸೂಜಿಯಿಂದ ಚುಚ್ಚಿ ನೋಡಿಕೊಳ್ಳುತ್ತಿದ್ದೆ. ರಕ್ತ ಬರುತ್ತಿತ್ತು, ನೋವು ಬರುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಅದೂ ಬೇಸರವಾಗಿ ಬಿಟ್ಟೆ.

ವಿಚಿತ್ರವೆಂದರೆ ಆ ಜೋಮು ಕೈಯಲ್ಲೇ ನಿಲ್ಲಲಿಲ್ಲ. ಕೈ ಹೋಯಿತೆಂದು ನಾನು ಅಳಬೇಕಿತ್ತು, ಅಳಲಿಲ್ಲ. ಸಿಟ್ಟಾದರೂ ಬರಬೇಕಿತ್ತು. ಸಿಟ್ಟಿಗೆ ನಾನು ನಮ್ಮ ಓಣಿಯಲ್ಲೇ ಹೆಸರಾದವನು, ಬಣ್ಣದ ಡಬ್ಬಿಯ ಮುಚ್ಚಳ ಸರಿಯಾಗಿ ಮುಚ್ಚದಿದ್ದರೆ ಮನೆ ಎದ್ದು ಕೂರುವಂತೆ ಕೂಗಾಡುತ್ತಿದ್ದವನು. ಅದೂ ಬರಲಿಲ್ಲ. ಊಟದ ರುಚಿ, ನೆಂಟರ ಸಾವು, ಮಗಳಿಗೆ ಗಂಡುಮಗು ಹುಟ್ಟಿದ ಸುದ್ದಿ, ಎಲ್ಲವೂ ಪಕ್ಕದ ಮನೆಯ ರೇಡಿಯೋದಲ್ಲಿ ಬಂದಂತೆ ಬಂದು ಹೋದವು.

ಈ ಕೈಯ ವಿಷಯ ನಮ್ಮಿಬ್ಬರನ್ನು ಬಿಟ್ಟು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆ "ಎಲ್ಲಾರಿಗೂ ಫ್ಲೆಕ್ಸ್ ಬೇಕಾಗೇತಿ, ನಮ್ಮ ಬೋರ್ಡು ಯಾರಿಗೆ ಬೇಕು" ಎಂದು ಫ್ಲೆಕ್ಸಿನ ತಲೆಗೆ ಕಟ್ಟಿದ್ದೆ. ಜನ ನಂಬಿದ್ದರು. ನಂಬಿ ಮರುಗಿದ್ದರು ಕೂಡ. ಈಗ ಭಾನುವಾರ ಮೈದಾನದಲ್ಲಿ ಆ ಸುಳ್ಳು ಬಯಲಾಗಬೇಕು, ಇಲ್ಲವೇ ನಾನು ನಾಲ್ಕೈದು ಅಕ್ಷರವನ್ನಾದರೂ ನೆಟ್ಟಗೆ ಬರೆಯಬೇಕು. ಹಾಗಾದರೆ ಯಾಕೆ ಒಪ್ಪಿದೆ ಎಂದರೆ, ನಾಲ್ಕು ಜನ ನನ್ನ ಹೆಸರು ಹೇಳಿದರು ಅಂದರಲ್ಲ, ಅದಕ್ಕೆ. ಜಂಬವೊಂದು ಮಾತ್ರ ಜೋಮು ಹಿಡಿದಿರಲಿಲ್ಲ.

ನಾನು ಈ ಕೆಲಸ ಕಲಿತದ್ದು ಸಿರುಗುಪ್ಪದಲ್ಲಿ. ಕಲಿಸಿದ ಮಾಸ್ತರು ತೆಲುಗು ಸೀಮೆಯಿಂದ ಬಂದವರು, ಟಾಕೀಸಿಗೆ ಪೋಸ್ಟರ್ ಬರೆಯುತ್ತಿದ್ದರು. ಶಾಲೆಯಲ್ಲಿ ನಾನು ಓದಿದ್ದು ಕನ್ನಡ, ಬ್ರಷ್ಷು ಹಿಡಿದು ತಿದ್ದಿದ್ದು ತೆಲುಗು. ಎರಡರ ಅಕ್ಷರಗಳೂ ಅಕ್ಕತಂಗಿಯರಂತೆ, ಗೊತ್ತಿಲ್ಲದವರಿಗೆ ಒಂದೇ ಕಾಣುತ್ತವೆ. ಗೊತ್ತಿದ್ದವರು ಮೊದಲು ನೋಡುವುದು ತಲೆಕಟ್ಟನ್ನು. ಅಕ್ಷರದ ನೆತ್ತಿಯ ಮೇಲೆ ಕನ್ನಡದವರು ಹಾಕುವುದು ಅಡ್ಡಗೆರೆ, ತುದಿಯಲ್ಲಿ ಒಂದು ಸಣ್ಣ ಬಾಗು. ತೆಲುಗಿನವರು ಹಾಕುವುದು ಶಾಲೆಯ ಮಾಸ್ತರು ಸರಿಯುತ್ತರಕ್ಕೆ ಹಾಕುವ ಗುರುತಿನಂಥದು, ಕೆಳಗಿಳಿದು ಮೇಲಕ್ಕೆ ಚಿಮ್ಮುವ ಗೆರೆ. ಮಾಸ್ತರ ಕೈ ನನ್ನ ಕೈಗೆ ಬಂದಿತ್ತು. ಅವಸರದಲ್ಲಿ ಬರೆದರೆ ನನ್ನ ಕನ್ನಡದ ನೆತ್ತಿಯ ಮೇಲೆ ತೆಲುಗು ಬಂದು ಕೂರುತ್ತಿತ್ತು.

ನಾನೊಬ್ಬನೇ ಬರೆದ ಮೊದಲನೇ ಬೋರ್ಡು ಸಿರುಗುಪ್ಪದ ಒಂದು ರಸಗೊಬ್ಬರದ ಅಂಗಡಿಯದು. ಏಣಿ ಇಳಿದು ಮೀಸೆ ತಿರುವುತ್ತ ನಿಂತಿದ್ದೆ. ಮಾಲೀಕರು ಹೊರಗೆ ಬಂದು, ತಲೆ ಎತ್ತಿ ನೋಡಿ, "ಏನಪಾ, ನನ್ನ ಅಂಗಡಿನ ಆಂಧ್ರಕ್ಕ ಕಳಿಸಿಬಿಟ್ಟೆಲ್ಲಪಾ," ಅಂದರು. ಬೀದಿಯೆಲ್ಲ ನಕ್ಕಿತು. ಆ ದಿನವೇ ಆಣೆ ಮಾಡಿದೆ. ಆಮೇಲೆ ಬಳ್ಳಾರಿಗೆ ಬಂದೆ, ಮದುವೆಯಾಯಿತು, ಪಾರ್ವತಿನಗರದಲ್ಲಿ ಮನೆ ಮಾಡಿದೆ, ಮೂವತ್ತು ವರ್ಷ ಬರೆದೆ. ಮತ್ತೆಂದೂ ಆ ತಪ್ಪು ಆಗಲಿಲ್ಲ ಎಂದು ನಾನು ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೇನೆ. ಬಸ್ಸಿನಲ್ಲಿ ಹೋಗುವಾಗ ಬೇರೆಯವರ ಬೋರ್ಡುಗಳಲ್ಲಿ ತೆಲುಗು ತಲೆಕಟ್ಟು ಹುಡುಕಿ ಹುಡುಕಿ ತೋರಿಸಿ ಮೂಗು ಮುರಿದಿದ್ದೇನೆ. ಪಕ್ಕದಲ್ಲಿ ಕೂತ ಹೆಂಡತಿ "ಹೌದ್ರಿ" ಅನ್ನುತ್ತಿದ್ದಳು.

ನಮ್ಮ ಕೆಲಸದ ರೀತಿಯನ್ನೂ ಹೇಳಬೇಕು. ನಾನು ಸೀಮೆಸುಣ್ಣದಲ್ಲಿ ಅಕ್ಷರದ ಅಂಚು ಎಳೆಯುತ್ತಿದ್ದೆ, ಅದಕ್ಕೆ ಕಟ್ಟು ಹಾಕುವುದು ಅನ್ನುತ್ತೇವೆ. ಕಟ್ಟು ಹಾಕುವವನೇ ಕಲಾವಿದ. ಅದರೊಳಗೆ ಬಣ್ಣ ಹಚ್ಚುವುದು ತುಂಬುವುದು. ಅದು ಯಾರಾದರೂ ಮಾಡುವ ಕೆಲಸ ಎಂದು ನಾನು ತಿಳಿದಿದ್ದೆ. ನಮ್ಮ ಮನೆಯಲ್ಲಿ ಅದನ್ನು ಮಾಡುತ್ತಿದ್ದವಳು ಅವಳು. ಬೆಳಿಗ್ಗೆ ಅಂಗಳದಲ್ಲಿ ತಗಡಿಗೆ ಕಟ್ಟು ಹಾಕಿಟ್ಟು ನಾನು ಮುಂದಿನ ಗಿರಾಕಿಯ ಹತ್ತಿರ ಹೋದರೆ, ಸಂಜೆ ಬರುವಷ್ಟರಲ್ಲಿ ತುಂಬಿ, ಸುಣ್ಣದ ಗೆರೆ ಒದ್ದೆ ಬಟ್ಟೆಯಿಂದ ಸಾಫ್ ಮಾಡಿ, ಬೋರ್ಡನ್ನು ನೆರಳಿಗೆ ಒರಗಿಸಿರುತ್ತಿದ್ದಳು. ಕೆಳಗಿನ ಮೂಲೆಯಲ್ಲಿ ನಾನು ನನ್ನ ಹೆಸರು ಬರೆಯುತ್ತಿದ್ದೆ.

ಭಾನುವಾರ ಬೆಳಿಗ್ಗೆ ಆಟೋದಲ್ಲಿ ಹೊರಟೆವು. ಬಣ್ಣದ ಎರಡು ಡಬ್ಬಿ, ಬ್ರಷ್ಷು, ಸೀಮೆಸುಣ್ಣ, ಸೀಮೆಎಣ್ಣೆ, ಅವಳು ಕಟ್ಟಿದ ಚಪಾತಿ. ಮೈದಾನದ ಸುತ್ತ ಶಾಮಿಯಾನ ಹಾಕಿದ್ದರು, ನಡುವೆ ವೇದಿಕೆ, ಹಿಂದೆ ಬಂಡೆಗುಡ್ಡ. ಒಂದು ಕಡೆ ತೊಗಲುಗೊಂಬೆಯವರು ಪರದೆ ಕಟ್ಟುತ್ತಿದ್ದರು. ಬೆಳಕಿನ ಹಿಂದೆ ಇರಬೇಕಾದ ಗೊಂಬೆಗಳನ್ನು ಹಗಲಲ್ಲೇ ತಂತಿಗೆ ನೇತುಹಾಕಿದ್ದರು, ಬಿಸಿಲಿಗೆ ಅವುಗಳ ಕೆಂಪು ನೆಲದ ಮೇಲೆ ಬೀಳುತ್ತಿತ್ತು. ಹೆಂಡತಿ ಅಲ್ಲಿ ನಿಂತು, "ಎಷ್ಟು ಚಂದ ಅದಾವ ನೋಡ್ರಿ," ಅಂದಳು. ನೋಡಿದೆ. ಚಂದ ಇದ್ದವು, ಅದು ನನಗೆ ಗೊತ್ತಾಯಿತು. ಗೊತ್ತಾದದ್ದು ಅಷ್ಟೇ.

ನಮಗೆ ಕೊಟ್ಟ ಜಾಗ ಒಂದು ಬೇವಿನಮರದ ಕೆಳಗೆ. ಮರದ ಸ್ಟ್ಯಾಂಡಿಗೆ ನೀಲಿ ಬಣ್ಣ ಹೊಡೆದ ತಗಡು ಒರಗಿಸಿಟ್ಟಿದ್ದರು. ಪಕ್ಕದಲ್ಲೊಬ್ಬರು ಕೂತವರ ಮುಖವನ್ನು ಐದು ನಿಮಿಷದಲ್ಲಿ ಪೆನ್ಸಿಲಿನಿಂದ ಬರೆದುಕೊಡುತ್ತಿದ್ದರು. ಎಲ್ಲರ ಮೂಗೂ ಒಂದೇ ಥರ ಬರುತ್ತಿತ್ತು, ಆದರೂ ಜನ ಖುಷಿಯಾಗಿ ಒಯ್ಯುತ್ತಿದ್ದರು. ಶಿಕ್ಷಕಿ ಬಂದು ನಮಸ್ಕಾರ ಮಾಡಿದರು. ಎಡಗೈ ಮುಂದೆ ಬರದಂತೆ ನೋಡಿಕೊಂಡು ಎರಡೂ ಕೈ ಜೋಡಿಸಿದೆ.

"ಸರ್, ಮುಖ್ಯ ಅತಿಥಿಗಳು ಬಂದ ಕೂಡಲೆ ಶುರು ಮಾಡೋಣ್ರಿ. 'ನಮ್ಮ ನಗರ' ಅಂತ ಬರದ್ರ ಸಾಕು."

ಸಾಕು ಅಂದರು. ಐದು ಅಕ್ಷರ, ಐದರ ನೆತ್ತಿಗೂ ತಲೆಕಟ್ಟು. ಬೇರೆ ಕಾಲದಲ್ಲಾಗಿದ್ದರೆ ಚಹಾ ಆರುವುದರೊಳಗೆ ಮುಗಿಸುತ್ತಿದ್ದೆ.

ಮುಖ್ಯ ಅತಿಥಿಗಳು ಹನ್ನೆರಡಕ್ಕೆ ಬಂದರು. ಸ್ವಾಗತ, ದೀಪ, ಗಾಳಿಗೆ ದೀಪ ಆರಿದ್ದು, ಮತ್ತೆ ದೀಪ, ಆಮೇಲೆ ಭಾಷಣಗಳು. ಕಲೆ ಬದುಕಿಗೆ ಬೇಕು ಎಂದು ಒಬ್ಬರು ಅಂದರು. ಬದುಕಿಗೆ ಕಲೆ ಬೇಕು ಎಂದು ಇನ್ನೊಬ್ಬರು ಅಂದರು. ಮೊದಲಾಗಿದ್ದರೆ ನಾನು ಇದಕ್ಕೆ ಜೋರಾಗಿ ಏನಾದರೂ ಅಂದು ಹೆಂಡತಿಯಿಂದ ತಿವಿಸಿಕೊಳ್ಳುತ್ತಿದ್ದೆ. ಅವಳು ತಿವಿಯಲು ಸಿದ್ಧಳಾಗಿ ನನ್ನತ್ತ ಎರಡು ಸಲ ನೋಡಿದಳು ಕೂಡ. ನನಗೆ ನಗುವೂ ಬರಲಿಲ್ಲ. ಹೆಬ್ಬೆರಳನ್ನು ಎಡಗೈಯಿಂದ ತಿಕ್ಕುತ್ತಿದ್ದೆ, ಯಾರದೋ ಬೆರಳು ತಿಕ್ಕಿದ ಹಾಗೆ.

ಊಟದ ಹೊತ್ತಿಗೆ ಅವಳು ಚಪಾತಿಯ ಗಂಟು ಬಿಚ್ಚಿ, "ಕೈ ನಡುಗಿದ್ರ ನಿಲ್ಲಿಸಿಬಿಡ್ರಿ. ತಲಿ ತಿರುಗಿತು ಅಂತ ನಾನ ಹೇಳ್ತೀನಿ," ಅಂದಳು. ನನಗೆ ಬೇಕಾದ ಸುಳ್ಳನ್ನು ನನಗಿಂತ ಮೊದಲೇ ಹೊಂದಿಸಿಟ್ಟಿದ್ದಳು. ನಾನು ಚಪಾತಿ ಮುರಿದೆ.

ಎರಡೂವರೆಗೆ ಶುರು ಮಾಡಿದೆ. ಇಪ್ಪತ್ತು ಮೂವತ್ತು ಜನ ಸೇರಿದ್ದರು. ಸೀಮೆಸುಣ್ಣವನ್ನು ಬಲಗೈಗೆ ಕೊಟ್ಟೆ. ಹಿಡಿದಿದೆಯೋ ಇಲ್ಲವೋ ಕಣ್ಣಿಂದ ನೋಡಿ ತಿಳಿಯಬೇಕು. ತಗಡಿಗೆ ಒತ್ತಿದ ಕೂಡಲೇ ಮುರಿಯಿತು, ಎಷ್ಟು ಒತ್ತಿದೆ ಎಂದು ಕೈಗೆ ಗೊತ್ತಿಲ್ಲವಲ್ಲ. ಜನ ಸುಮ್ಮನೆ ನೋಡುತ್ತಿದ್ದರು, ಇದೂ ಕಲೆಯ ಭಾಗವೇನೋ ಎಂಬಂತೆ. ಎರಡನೇ ತುಂಡು ತೆಗೆದುಕೊಂಡು, ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದು, ಹಿರಿಯರು ಮಗುವಿಗೆ ಅಕ್ಷರ ತಿದ್ದಿಸುವಂತೆ ನನ್ನ ಕೈಯನ್ನು ನಾನೇ ನಡೆಸಿದೆ. ಗುಂಪಿನಲ್ಲಿ ಯಾರೋ "ಅದು ಹಳೇ ಸ್ಟೈಲು ನೋಡು, ಎರಡೂ ಕೈಲೆ ಬರೀತಾರ," ಅಂದರು. ಸ್ಟೈಲಾಗಿಯೇ ಇರಲಿ ಎಂದುಕೊಂಡೆ.

'ನಮ್ಮ' ಮುಗಿಯುವಷ್ಟರಲ್ಲಿ ಬೆನ್ನು ತೊಯ್ದಿತ್ತು. ಗೆರೆ ಅಲ್ಲಲ್ಲಿ ಮುರಿದಿದ್ದರೂ ದೂರದಿಂದ ಅಕ್ಷರ ಅಕ್ಷರದಂತೆಯೇ ಕಾಣುತ್ತಿತ್ತು. 'ನಗರ' ಬೇಗ ಬರೆದು ಮುಗಿಸಿದೆ, ಒಮ್ಮೆ ನಿಂತರೆ ಮತ್ತೆ ಕೈ ಎತ್ತಲಾರೆ ಎಂದು. ಸುಣ್ಣ ಕೆಳಗಿಟ್ಟು ಹಿಂದೆ ಸರಿದೆ. ಆಯಿತು. ಯಾರಿಗೂ ಏನೂ ಗೊತ್ತಾಗಲಿಲ್ಲ. ಸಂತೋಷವಾಗಬೇಕಿತ್ತು, ಆಗಲಿಲ್ಲ, ಬೆವರು ಒರೆಸಿಕೊಂಡೆ.

ಆಗ ಗುಂಪಿನಿಂದ ಒಬ್ಬ ಹಿರಿಯರು ಮುಂದೆ ಬಂದರು. ಬಿಳಿ ಪಂಚೆ, ದಪ್ಪ ಕನ್ನಡಕ, ನೋಡಿದರೆ ನಿವೃತ್ತ ಗುಮಾಸ್ತರಂತಿದ್ದರು. ತಗಡಿನ ಹತ್ತಿರ ಮೂಗು ತಂದು ನೋಡಿ, "ಅಬ್ಬಾ! ಮನ ತಲಕಟ್ಟು ಪೆಟ್ಟಾರೇ!" ಎಂದು ಮುಖ ಅರಳಿಸಿದರು. ತೆಲುಗಿನವರು, ನಮ್ಮ ತಲಕಟ್ಟು ಹಾಕಿದ್ದೀರಲ್ಲ ಎಂದು ಅವರಿಗೆ ಖುಷಿ. 'ಗ' ಮತ್ತು 'ರ'ದ ನೆತ್ತಿಯನ್ನು ಬೆರಳಿನಿಂದ ತೋರಿಸಿ, ನನ್ನ ಬೆನ್ನು ತಟ್ಟಿ, ಗೊಂಬೆಯವರ ಕಡೆ ಹೋದರು.

ನೋಡಿದೆ. ನಿಜ. ಎರಡು ಅಕ್ಷರದ ಮೇಲೂ ಕೆಳಗಿಳಿದು ಮೇಲಕ್ಕೆ ಚಿಮ್ಮಿದ ಗೆರೆ. ಮೂವತ್ತು ವರ್ಷದ ಮೇಲೆ ಆ ಹಾಳು ತಪ್ಪು ವಾಪಸು ಬಂದಿತ್ತು. ಲಕ್ವ ಹೊಡೆದದ್ದು ಕೈಗಲ್ಲ, ತಲೆಗೇ ಎಂದುಕೊಂಡೆ. ಹೆಂಡತಿ ಆಗಲೇ ಬಣ್ಣ ಕಲಸುತ್ತಿದ್ದಳು. ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ.

"ತಲಿಕಟ್ಟು ತಪ್ಪೇತಿ ಲೇ. ಒರಸು, ಮತ್ತ ಬರೀತೀನಿ."

"ಬಿಡ್ರಿ," ಅಂದಳು, ತಲೆ ಎತ್ತದೆ. "ತುಂಬೂಮುಂದ ಸರಿ ಮಾಡ್ತೀನಿ. ಯಾವಾಗ್ಲೂ ಮಾಡ್ತೀನಲ್ಲ."

ಅವಳ ಕೈಯಲ್ಲಿದ್ದ ಕಡ್ಡಿ ಡಬ್ಬಿಯೊಳಗೆ ನಿಂತಿತು. ತಾನೇನು ಅಂದೆ ಎಂದು ಅವಳಿಗೂ ಆಗಲೇ ಗೊತ್ತಾದದ್ದು.

"ಯಾವಾಗ್ಲೂ ಅಂದ್ರ?" ಅಂದೆ.

"ಯಾವಾಗ್ಲೂ ಅಂದ್ರ ಯಾವಾಗ್ಲೂ. ಅವಸರ ಮಾಡಿದಾಗೆಲ್ಲ ನೀವು ಹಂಗ ಹಾಕ್ತೀರಿ. ನಾನು ಅಡ್ಡ ಎಳದು ತುಂಬ್ತೀನಿ."

"ಮದುವಿ ಆದಾಗಿಂದ?"

"ಹೂಂ."

"ಹೇಳಾಕ ಏನಾಗಿತ್ತು?"

"ಹೇಳಿದ್ದೆ. ಮದುವಿ ಆದ ಹೊಸತನಾಗ. ಎರಡು ದಿನ ಮಾತು ಬಿಟ್ರಿ. ಅವತ್ತಿಂದ ಹೇಳಾಕ ಹೋಗಲಿಲ್ಲ. ಈಗ ಸರೀರಿ, ಮಂದಿ ನೋಡಾಕತ್ತಾರ."

ಮಾತು ಬಿಟ್ಟದ್ದು ನನಗೆ ನೆನಪೇ ಇರಲಿಲ್ಲ. ಅಂಥ ಎರಡು ದಿನಗಳು ನಮ್ಮ ಮನೆಯಲ್ಲಿ ಎಷ್ಟಾಗಿವೆಯೋ. ಹಿಂದೆ ಸರಿದು ನಿಂತೆ. ಅವಳು ಬ್ರಷ್ಷು ಅದ್ದಿದಳು.

ಅವಳು ತುಂಬುವುದನ್ನು ನಾನು ಅದುವರೆಗೆ ನಿಂತು ನೋಡಿರಲಿಲ್ಲ ಎಂದರೆ ನಂಬಬೇಕು. ಕಟ್ಟು ಹಾಕಿದ ಮೇಲೆ ಅಲ್ಲಿ ನೋಡುವುದಕ್ಕೇನಿದೆ ಎಂದು ಹೋಗುತ್ತಿದ್ದವನು ನಾನು. ಅವಳು ಮೊದಲು ಅಕ್ಷರದ ಹೊಟ್ಟೆ ತುಂಬಿದಳು. ನನ್ನ ಗೆರೆ ನಡುಗಿದ ಕಡೆ ಅವಳ ಬ್ರಷ್ಷು ನಡುಗಲಿಲ್ಲ, ಗೆರೆ ಒಳಗೆ ಬಿದ್ದಿದ್ದರೆ ಹೊರಗಿಂದ ಬಂತು, ಹೊರಗೆ ಹೋಗಿದ್ದರೆ ಒಳಗಿಂದ. 'ಗ'ದ ನೆತ್ತಿಗೆ ಬಂದಾಗ ನನ್ನ ಚಿಮ್ಮಿದ ಗೆರೆಯನ್ನು ಬಿಟ್ಟು ಅದರ ಕೆಳಗೆ ಒಂದೇ ಉಸಿರಿಗೆ ಅಡ್ಡ ಎಳೆದು ತುದಿಯಲ್ಲಿ ಬಾಗಿಸಿದಳು. ಒದ್ದೆ ಬಟ್ಟೆಯಿಂದ ಸುಣ್ಣ ಒರೆಸಿದಳು. 'ರ'ಕ್ಕೂ ಹಾಗೆಯೇ. ಜನ ಚಪ್ಪಾಳೆ ತಟ್ಟಿದರು. ನನ್ನ ಕಡೆ ನೋಡಿ ತಟ್ಟಿದರು.

ಆ ಅಕ್ಷರ ನನಗೆ ಗೊತ್ತಿತ್ತು. ಬಳ್ಳಾರಿಯ ಅಂಗಡಿಗಳ ಮೇಲೆ, ಸಿರುಗುಪ್ಪದ ಗಿರಣಿಗಳ ಮೇಲೆ, ಕುರುಗೋಡಿನ ಮಂಡಿಗಳ ಮೇಲೆ ಬರೆದ ನನ್ನ ಅಕ್ಷರ ಎಂದರೆ ಜನ ಗುರುತಿಸುತ್ತಿದ್ದದ್ದು ಈ ತುದಿಯ ಬಾಗನ್ನು. ಅದು ನನ್ನದಲ್ಲವಂತೆ. ಇದು ತಿಳಿದಾಗ ಎದೆ ಧಸಕ್ಕೆನ್ನಬೇಕಿತ್ತು. ಇಲ್ಲ. ಇನ್ನೊಬ್ಬರ ಮನೆಯ ಸುದ್ದಿ ಓದಿದಂತೆ ನಿಂತಿದ್ದೆ.

ಶಿಕ್ಷಕಿ ವೇದಿಕೆಗೆ ಕರೆದರು. ಶಾಲು ಹೊದಿಸಿದರು, ಹಾರ ಹಾಕಿದರು. "ಇಂಥಾ ಕೈ ನಮ್ಮ ಊರಾಗ ಇನ್ನೂ ಅದಾವಂತ ಇವತ್ತ ಗೊತ್ತಾತು," ಎಂದು ಮೈಕಿನಲ್ಲಿ ಹೇಳಿ ಮೈಕನ್ನು ನನಗೆ ಕೊಟ್ಟರು. ನಿಜ ಹೇಳುವುದಕ್ಕೆ ಎಂಥ ಒಳ್ಳೆಯ ಜಾಗ ಅದು. ಕೆಳಗೆ ಬೇವಿನಮರದ ಬುಡದಲ್ಲಿ ಅವಳು ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದದ್ದು ಕಾಣುತ್ತಿತ್ತು. "ಎಲ್ಲಾರಿಗೂ ಧನ್ಯವಾದ," ಅಂದೆ. ಅಷ್ಟೇ ಅಂದೆ. ಶಾಲು ಹೊದ್ದು ಇಳಿದು ಬಂದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಆಗ ಆಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಸಾಮಾನು ಕಟ್ಟುತ್ತಿದ್ದಾಗ ಒಬ್ಬರು ಬಂದರು. ಕುರುಗೋಡಿನವರು, ಬೀಜದ ಅಂಗಡಿ ಇಡುತ್ತಿದ್ದೇನೆ ಅಂದರು. ಅವರ ಅಪ್ಪನ ಅಂಗಡಿಗೆ ಹಿಂದೆ ನಾನೇ ಬರೆದಿದ್ದೆನಂತೆ, ಮೇಲಿನ ಬಣ್ಣ ಹೋದರೂ ಅಕ್ಷರ ಇನ್ನೂ ಕಾಣುತ್ತದಂತೆ.

"ನನಗ ಫ್ಲೆಕ್ಸ್ ಬ್ಯಾಡ್ರಿ. ಅಪ್ಪನ ಬೋರ್ಡಿನಂಗ ಕೈಲೆ ಬರದಿದ್ದ ಬೇಕು. ನೀವ ಬರೀತೀರಿ ಹೌದಲ್ರಿ?"

ಬರೀತೀನಿ ಎಂದು ಬಾಯಿಗೆ ಬಂದಿತ್ತು. ಎಲ್ಲಿಂದಲೋ ಬೇರೆ ಮಾತು ಬಂತು. "ಇಕಿ ಬರೀತಾಳ್ರಿ," ಅಂದೆ. "ನಿಮ್ಮ ಅಪ್ಪಾರ ಬೋರ್ಡೂ ಇಕೀದ ಕೈ. ನನ್ನ ಕೈ ಹೋಗಿ ವರ್ಷ ಆತು."

ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, "ಯಾರಾದ್ರೂ ಆಗ್ಲೇಳ್ರಿ, ಅಕ್ಷರ ಅದ ಇದ್ರ ಸಾಕು," ಎಂದು ನನ್ನ ಫೋನಿಗೊಂದು ಕರೆ ಕೊಟ್ಟು ನಂಬರು ಉಳಿಸಿ ಹೋದರು. ವೇದಿಕೆಯ ಮೇಲೆ ಹೇಳದ್ದನ್ನು ಕೊನೆಗೂ ಹೇಳಿದೆ ಎಂದು ನನಗೆ ನನ್ನ ಮೇಲೆ ಸ್ವಲ್ಪ ಮೆಚ್ಚುಗೆಯಾಯಿತು. ಅವಳು ಏನಾದರೂ ಅನ್ನಬಹುದೆಂದು ಕಾದೆ. ಅವಳು ಡಬ್ಬಿಯ ಮುಚ್ಚಳವನ್ನು ಕಲ್ಲಿನಿಂದ ಬಡಿದು ಮುಚ್ಚಿದಳು, ಬೇಕಾದ್ದಕ್ಕಿಂತ ಜೋರಾಗಿ.

ಆಟೋ ಸ್ಟ್ಯಾಂಡಿನವರೆಗೆ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಉತ್ಸವ ಮುಗಿಸಿ ಹೊರಟ ಜನ ಅಲ್ಲೆಲ್ಲ ತುಂಬಿದ್ದರು, ಆಟೋ ಇರಲಿಲ್ಲ. ಕಟ್ಟೆಯ ಮೇಲೆ ಕೂತೆವು.

"ಯಾಕ, ಸಿಟ್ಟಾದೇನು?" ಅಂದೆ. "ನಿನ್ನ ಹೆಸರು ಹೇಳಿದ್ನಲ್ಲ."

"ಬರೀತಾಳ ಅಂತ ಅವರಿಗೆ ಹೇಳಿದ್ರಿ. ಬರೀತೀಯೇನು ಅಂತ ನನ್ನ ಕೇಳಿದ್ರೇನು?"

"ಈಗ ಕೇಳ್ತೀನಿ. ಬರೀತೀಯೇನು?"

ಅವಳು ಬಣ್ಣದ ಡಬ್ಬಿಗಳನ್ನು ಕಾಲಿನಿಂದ ಆಚೆ ಸರಿಸಿದಳು. ಆಮೇಲೆ ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

"ಬಣ್ಣದ ವಾಸನಿ ನನಗ ಒಗ್ಗಂಗಿಲ್ರಿ. ಮೊದಲಿನಿಂದಾನೂ ಇಲ್ಲ. ತುಂಬಿದ ದಿನ ಎಲ್ಲ ತಲಿ ಒಡದು ಹೋಳಾಗ್ತಿತ್ತು. ನೀವು ಬಿಸಿಲಿಗೆ ಹೋಗಬ್ಯಾಡ, ಸೆರಗು ಹೊದ್ಕೊ ಅಂತಿದ್ರಿ. ನಿಮ್ಮ ಕೈ ಬಿದ್ದಾಗ ನಾನು ಅತ್ತೆ, ಅದು ಖರೆ. ದೇವರಾಣಿ ಖರೆ. ಆದ್ರ ಮರುದಿನ ಬೆಳಿಗ್ಗಿ ಎದ್ದಾಗ, ಇನ್ನ ಬಣ್ಣ ಮುಟ್ಟೂದು ತಪ್ಪಿತು ಅಂತ ಹಗುರಾತು ನನಗ. ಅದು ಪಾಪ ಅಂತ ಗೊತ್ತೈತಿ. ಹಂಗ ಅನಸಿತು, ಏನ ಮಾಡ್ಲಿ?"

ಸೂಜಿ ಚುಚ್ಚಿದರೂ ಬಾರದ್ದು ಆಗ ಬಂತು. ನೋವಾಯಿತು. ಎಲ್ಲಿ ಎಂದು ಹೇಳಲಾರೆ, ಆದರೆ ನೋವು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ತಲೆಗೆ ಬಟ್ಟೆ ಬಿಗಿದು ಮಲಗಿದ ಇವಳನ್ನು ನಾನು ಎಷ್ಟು ಸಂಜೆ ನೋಡಿದ್ದೇನೆ, ನೋಡಿ ಒಂದು ಲೋಟ ಚಹಾಕ್ಕೆ ಎಬ್ಬಿಸಿದ್ದೇನೆ. ಆ ಸಂಜೆಗಳಲ್ಲೆಲ್ಲ ಅಂಗಳದಲ್ಲಿ ಬೋರ್ಡು ಒಣಗುತ್ತಿತ್ತು. ಎರಡನ್ನೂ ಒಟ್ಟಿಗೆ ನೋಡುವಷ್ಟು ಬುದ್ಧಿ ನನಗೆ ಬರಲಿಲ್ಲ.

ಫೋನು ತೆಗೆದು ಎಡಗೈಯಿಂದ ಒತ್ತಿದೆ. ಕುರುಗೋಡಿನವರು ಬಸ್ಸಿನಲ್ಲಿದ್ದರು, ಗದ್ದಲ ಕೇಳುತ್ತಿತ್ತು.

"ಬೋರ್ಡು ಆಗಂಗಿಲ್ರಿ," ಅಂದೆ. "ನಾವು ಬರಿಯೂದು ಬಿಟ್ಟೀವಿ."

"ಈಗ ಬರೀತಾಳ ಅಂದ್ರಲ್ರಿ?"

"ಕೇಳದ ಅಂದಿದ್ದೆ. ತಪ್ಪು ನಂದು."

"ಯಾವಾಗ ಬಿಟ್ರಿ ಮತ್ತ?"

"ಈಗ್ರಿ," ಅಂದೆ. "ಈಗ ಬಿಟ್ವಿ."

ಅವರು ಇನ್ನೇನೋ ಅನ್ನುತ್ತಿದ್ದರು, ನನಗೆ ಕೇಳಿಸಲಿಲ್ಲ. ಅವಳು ನನ್ನ ಕೈಯಿಂದ ಫೋನು ತೆಗೆದುಕೊಂಡು, "ಅವರಿಗೆ ಆರಾಮ ಇಲ್ರಿ ಅಣ್ಣಾರ, ಆಮ್ಯಾಲ ಮಾತಾಡ್ತಾರ," ಎಂದು ಇಟ್ಟಳು. ನಾನು ಅಳುತ್ತಿದ್ದೆ. ಆಟೋಗೆ ಕಾದಿದ್ದ ಮಂದಿಯೆಲ್ಲ ನೋಡುತ್ತಿದ್ದರು, ಅವರಲ್ಲಿ ಮಧ್ಯಾಹ್ನ ಚಪ್ಪಾಳೆ ತಟ್ಟಿದವರೂ ಇದ್ದರು. ಇವರಿಗೆ ಏನಾತು ಎಂದು ಯಾರೋ ಕೇಳಿದರು. ಅವಳು ಈ ಸಲ ಯಾವ ಸುಳ್ಳನ್ನೂ ಹೇಳಲಿಲ್ಲ, "ಅಳಾಕತ್ತಾರ್ರಿ," ಅಂದಳು.